ಮಧ್ಯಾಹ್ನ ಮೂರರ ಜೆರಾಕ್ಸ್ ಅಂಗಡಿ: ದಾವಣಗೆರೆಯ ಒಂದು ಪ್ರಕರಣ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ದೊಡ್ಡ ಕಾಪಿಯರ್ ಮುಂದೆ ನಿಂತು ಕೆಲಸ ಮಾಡುತ್ತಿದ್ದ ಹುಡುಗ ಕಣ್ಣಿಗೆ ಕತ್ತಲೆ ಬಂದು ಕುಸಿದು ಕುಳಿತ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಅಂಗಡಿ, ಇದು ಅವನ ದಿನಚರಿ. ಮುಖಕ್ಕೆ ನೀರು ಚಿಮುಕಿಸಿ ಹೊರಗೆ ಮರದ ನೆರಳಿಗೆ ಕರೆತಂದು ಓಆರ್‌ಎಸ್ ಕುಡಿಸಿದ ಮೇಲೆ ಸರಿಹೋದ. ಅಂದು ಸಂಜೆಯೇ ಅಂಗಡಿಯ ಅಕ್ಕ ನನಗೆ ಫೋನ್ ಮಾಡಿದರು. "ಅಣ್ಣಾ, ಎ.ಸಿ. ಹಾಕ್ಸಿ ಒಂದು ವರ್ಷ ಆಗಿಲ್ಲ, ಒಳಗೆ ನಿಲ್ಲಾಕೆ ಆಗವಲ್ದು. ಮಷಿನ್ ಕೆಟ್ರೆ ರಿಪೇರಿ ಮಾಡಿಸಬಹುದು, ಹುಡುಗನಿಗೆ ಏನಾದ್ರೂ ಆದ್ರೆ ನಾನು ಅವರ ಅವ್ವಗೆ ಏನ್ ಹೇಳ್ಲಿ?"

ದಾವಣಗೆರೆಯಲ್ಲಿ ವೈರಿಂಗ್ ಮತ್ತು ಎ.ಸಿ. ಫಿಟ್ಟಿಂಗ್ ನನ್ನ ಕೆಲಸ. ಸಣ್ಣ ಕೋಣೆ, ತುಂಬ ಮಷಿನ್ನು, ತಾಳಲಾಗದ ಸೆಕೆ. ಮೊಬೈಲ್ ರಿಪೇರಿಯವರಿಂದ ಲ್ಯಾಬಿನವರವರೆಗೆ ಇದೇ ದೂರನ್ನು ಪ್ರತಿ ಬೇಸಿಗೆ ಕೇಳುತ್ತೇನೆ. ಈ ಒಂದು ಅಂಗಡಿಯಲ್ಲಿ ಎರಡು ತಿಂಗಳು ಏನೇನಾಯಿತು ಎಂಬುದನ್ನು, ನನ್ನ ತಪ್ಪನ್ನೂ ಸೇರಿಸಿ ಬರೆದರೆ ಬೇರೆಯವರಿಗೆ ಖರ್ಚು ಉಳಿದೀತು. ಅಕ್ಕನ ಒಪ್ಪಿಗೆ ಪಡೆದಿದ್ದೇನೆ. ಅಂಗಡಿಯ ಹೆಸರು, ರಸ್ತೆ, ಮಷಿನ್ನಿನ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ, ಅಳತೆಗಳನ್ನು ಹಾಗೆಯೇ ಇಟ್ಟಿದ್ದೇನೆ.

ಅಂಗಡಿ ಹೇಗಿತ್ತು

ಕಾಲೇಜುಗಳು ಹತ್ತಿರವಿರುವ ಬಡಾವಣೆ. ಸಾಲಾಗಿ ಐದು ಮಳಿಗೆ, ಇವರದು ನಡುವಿನದು. ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ, ಹತ್ತು ಅಡಿ ಎತ್ತರ. ಎಡಬಲಕ್ಕೆ ಬೇರೆ ಅಂಗಡಿಗಳ ಗೋಡೆ. ಮುಂಭಾಗ ಪಶ್ಚಿಮಕ್ಕೆ, ಅಂದರೆ ಮಧ್ಯಾಹ್ನ ಎರಡರ ನಂತರ ಬಿಸಿಲು ನೇರ ಒಳಗೆ. ಹಿಂದೆ ಮೂರಡಿ ಸಂದಿ, ಸಂದಿಯ ಆಚೆ ಒಂದು ಮನೆ. ಮೇಲೆ ಆರ್‌ಸಿಸಿ ಮಾಳಿಗೆ, ಅದರ ಮೇಲೆ ಇನ್ನೊಂದು ಅಂತಸ್ತು ಇಲ್ಲ. ಹಿಂಭಾಗದಲ್ಲಿ ಏಳಡಿ ಎತ್ತರಕ್ಕೆ ಅಟ್ಟ, ಅಟ್ಟದ ತುಂಬ ಸೂರಿನವರೆಗೆ ಪೇಪರ್ ರೀಮುಗಳು.

ಒಳಗೆ ಒಂದು ದೊಡ್ಡ ಕಾಪಿಯರ್, ಒಂದು ಸಣ್ಣದು, ಎರಡು ಕಂಪ್ಯೂಟರ್, ಲ್ಯಾಮಿನೇಶನ್ ಮಷಿನ್, ಸ್ಪೈರಲ್ ಬೈಂಡಿಂಗಿನದು, ಮೂಲೆಯಲ್ಲಿ ಯುಪಿಎಸ್ ಮತ್ತು ಎರಡು ಟ್ಯೂಬುಲಾರ್ ಬ್ಯಾಟರಿ. ಒಂದು ಟನ್ನಿನ ಎ.ಸಿ. ಪರೀಕ್ಷೆ ಹತ್ತಿರ ಬಂದಾಗ ರೆಕಾರ್ಡು, ಪ್ರಾಜೆಕ್ಟ್ ರಿಪೋರ್ಟು, ನೋಟ್ಸು ಅಂತ ಹುಡುಗರು ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ವರ್ಷದ ದುಡಿಮೆಯ ದೊಡ್ಡ ಪಾಲು ಬರುವುದು ಆ ಬೇಸಿಗೆಯ ವಾರಗಳಲ್ಲೇ.

ತೊಂದರೆ ಮೊದಲು ಕಂಡದ್ದು ಪೇಪರ್ ಜಾಮ್ ರೂಪದಲ್ಲಿ. ಬೆಳಿಗ್ಗೆ ಸರಾಗವಾಗಿ ಓಡುವ ಮಷಿನ್ನು ಮೂರು ಗಂಟೆಯ ಹೊತ್ತಿಗೆ ಎರಡೆರಡು ಹಾಳೆ ಎಳೆಯುತ್ತಿತ್ತು, ಸುಕ್ಕು ಮಾಡುತ್ತಿತ್ತು, ಬಿಸಿಯಾಗಿದೆ ಎಂದು ತೋರಿಸಿ ನಿಲ್ಲುತ್ತಿತ್ತು. ಸರ್ವಿಸಿನವರು ಒಮ್ಮೆ ರೋಲರ್, ಇನ್ನೊಮ್ಮೆ ಫ್ಯೂಸರ್ ಬದಲಿಸಿದರು. ಬಿಲ್ಲು ದೊಡ್ಡದಾಯಿತು, ಜಾಮ್ ನಿಲ್ಲಲಿಲ್ಲ. ಬ್ಯಾಟರಿಗಳು ಎರಡೇ ವರ್ಷಕ್ಕೆ ಸತ್ತವು. ಜಾಮ್, ಬ್ಯಾಟರಿ, ತಂಪು ಮಾಡದ ಎ.ಸಿ., ಈ ಮೂರು ತೊಂದರೆಗಳನ್ನು, ಹುಡುಗ ಕುಸಿದದ್ದನ್ನೂ ಸೇರಿಸಿದರೆ ನಾಲ್ಕನ್ನು, ಯಾರೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಒಂದೊಂದಕ್ಕೆ ಒಬ್ಬೊಬ್ಬರು ಬಂದು ಅವರವರ ಭಾಗ ನೋಡಿ ಹೋಗಿದ್ದರು.

ನಾನು ಮೊದಲು ಮಾಡಿದ್ದು

ನಾನೂ ಅದನ್ನೇ ಮಾಡಿದೆ. ಎ.ಸಿ. ನೋಡಿದೆ, ಗ್ಯಾಸ್ ಸರಿ ಇತ್ತು, ಫಿಲ್ಟರ್ ತೊಳೆದೆ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕೋಣ ಎಂದೆ. ಹಿಂದಿನ ಗೋಡೆ ಒಡೆಯಲು ಕಟ್ಟಡದ ಓನರ್ ಒಪ್ಪಲಿಲ್ಲ. ಹಾಗಾಗಿ ಮುಂದಿನ ಗಾಜಿನ ಬಾಗಿಲ ಮೇಲಿದ್ದ ವೆಂಟಿಲೇಟರಿನ ಎರಡು ಕಿಂಡಿಗಳಲ್ಲಿ ಒಂದಕ್ಕೆ ಒಂಬತ್ತಿಂಚಿನ ಫ್ಯಾನ್ ಕೂಡಿಸಿದೆ. ಅರ್ಧ ದಿನದ ಕೆಲಸ. ಅಳತೆಯಿಲ್ಲ, ಲೆಕ್ಕವಿಲ್ಲ.

ನಾಲ್ಕು ದಿನ ಬಿಟ್ಟು ಥರ್ಮಾಮೀಟರ್ ತೆಗೆದುಕೊಂಡು ಹೋದೆ. ಮಧ್ಯಾಹ್ನ ಮೂರಕ್ಕೆ ಹೊರಗೆ ನೆರಳಿನಲ್ಲಿ 37 ಡಿಗ್ರಿ. ಎ.ಸಿ. ನಿಲ್ಲಿಸಿ, ಬಾಗಿಲು ಮುಚ್ಚಿ, ಹೊಸ ಫ್ಯಾನ್ ಓಡಿಸಿ ಒಂದು ತಾಸು ಕಾದರೆ ಕಾಪಿಯರಿನ ಎತ್ತರದಲ್ಲಿ 44, ಅಟ್ಟದ ಮೇಲೆ 49. ಫ್ಯಾನ್ ಆಫ್ ಮಾಡಿ ಮತ್ತೆ ನೋಡಿದೆ. ಅರ್ಧ ಡಿಗ್ರಿ ಕೂಡ ವ್ಯತ್ಯಾಸವಿರಲಿಲ್ಲ. ಅಕ್ಕ ಏನೂ ಅನ್ನಲಿಲ್ಲ, ನನಗೆ ಮಾತ್ರ ಅವರ ದುಡ್ಡು ಹಾಳು ಮಾಡಿದೆ ಅನ್ನಿಸಿತು. ಹಳೆಯ ದಾರಿ ಬಿಟ್ಟು ಮೊದಲಿಂದ ನೋಡಲು ಶುರುಮಾಡಿದ್ದು ಅಂದು.

"ಅಕ್ಕಾ, ಮೊದಲು ಹಿಂಗೆ ಇರ್ಲಿಲ್ಲ ಅಂತೀರಲ್ಲ. ಹೋದ ಬೇಸಿಗೆಗೂ ಈ ಬೇಸಿಗೆಗೂ ಏನೇನು ಬದಲಾಗೇತಿ?" ಎಂದು ಕೇಳಿದೆ. ಅವರು ಬೆರಳು ಮಡಚುತ್ತಾ ಹೇಳಿದರು. ಹಿಂದೆ ಶಟರ್ ಪೂರ್ತಿ ತೆರೆದಿರುತ್ತಿತ್ತು. ರಸ್ತೆ ಅಗೆದಾಗ ಧೂಳು ಬರುತ್ತದೆಂದು ಗಾಜಿನ ಬಾಗಿಲು ಹಾಕಿಸಿದರು. ಬಾಗಿಲು ಬಂದ ಮೇಲೆ ಸೆಕೆ ಎಂದು ಎ.ಸಿ. ಹಾಕಿಸಿದರು. ಅದೇ ಸಮಯಕ್ಕೆ ದೊಡ್ಡ ಮಷಿನ್ ಬಂತು. ಮೂರೂ ಒಂದೇ ತಿಂಗಳಲ್ಲಿ ಆದದ್ದರಿಂದ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ಎಲ್ಲರ ಕಣ್ಣೂ ಹೊಸ ಮಷಿನ್ ಮೇಲೆ. ಬಾಗಿಲನ್ನು ಯಾರೂ ಅನುಮಾನಿಸಲಿಲ್ಲ.

ಊದುಬತ್ತಿ ತೋರಿಸಿದ್ದು

ದೇವರ ಫೋಟೋದ ಹತ್ತಿರವಿದ್ದ ಕಟ್ಟಿನಿಂದ ಒಂದು ಊದುಬತ್ತಿ ಹಚ್ಚಿಕೊಂಡೆ. ಫ್ಯಾನ್ ಓಡುತ್ತಿತ್ತು, ಬಾಗಿಲು ಮುಚ್ಚಿತ್ತು. ಹಿಂದೆ ಕಾಪಿಯರ್ ಪಕ್ಕ ಹಿಡಿದರೆ ಹೊಗೆ ನೆಟ್ಟಗೆ ಮೇಲೇರಿ ಅಟ್ಟದ ತಳಕ್ಕೆ ಬಡಿದು ಅಲ್ಲೇ ಸುತ್ತುತ್ತಾ ನಿಂತಿತು. ನಡುವೆ ಹಿಡಿದಾಗಲೂ ಅಷ್ಟೇ. ಮುಂದೆ ಬಂದು, ಫ್ಯಾನಿನ ಪಕ್ಕದ ತೆರೆದ ಕಿಂಡಿಯ ಬಳಿ ಹಿಡಿದೆ. ಹೊಗೆ ದಾರ ಎಳೆದ ಹಾಗೆ ಅಡ್ಡಡ್ಡ ಹೋಗಿ ಫ್ಯಾನಿನಲ್ಲಿ ಮಾಯವಾಯಿತು.

ಅಂದರೆ ಆ ಫ್ಯಾನು ಪಕ್ಕದ ಕಿಂಡಿಯಿಂದ ರಸ್ತೆಯ ಗಾಳಿಯನ್ನು ಎಳೆದು ವಾಪಸ್ಸು ರಸ್ತೆಗೇ ಬಿಡುತ್ತಿತ್ತು. ಹಿಂದಿನ ಹನ್ನೆರಡು ಅಡಿಯ ಗಾಳಿ ಅಲುಗಾಡಿರಲಿಲ್ಲ.

ಆ ಕಿಂಡಿಗೆ ರೀಮಿನ ರಟ್ಟು ಅಂಟಿಸಿ ಮುಚ್ಚಿದೆವು. ಈಗ ಇನ್ನೊಂದು ಕಂಡಿತು. ಒಳಗೆ ಬರುತ್ತಿದ್ದ ಗಿರಾಕಿ ಬಾಗಿಲು ಎಳೆಯಲು ಒದ್ದಾಡಿದ, ಬಾಗಿಲ ಕೆಳಗಿನ ಸಂದಿನಲ್ಲಿ ಸುಯ್ ಎಂಬ ಸದ್ದು. ಮೂರಡಿ ಬಾಗಿಲು, ಅರ್ಧ ಇಂಚಿನ ಸಂದು. ಇಡೀ ಅಂಗಡಿಗೆ ಗಾಳಿ ಬರಬೇಕಾದದ್ದು ಅಷ್ಟರಲ್ಲೇ. ಬಾಗಿಲನ್ನು ಒಂದಡಿ ತೆರೆದು ಹಿಡಿದರೆ ಸದ್ದು ನಿಂತು, ಊದುಬತ್ತಿಯ ಹೊಗೆ ಮೊದಲ ಬಾರಿಗೆ ವಾಲಿತು. ಒಳಗೆ ಬರುವ ದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ರೆಕ್ಕೆ ತಿರುಗುತ್ತದೆ, ಗಾಳಿ ಹೋಗುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅಂಗಡಿಯಲ್ಲಿ ನಿಂತಾಗ ನೆನಪಾಗಲಿಲ್ಲ.

ಯಾಕೆ ನೆನಪಾಗುವುದಿಲ್ಲ ಎಂದು ಆಮೇಲೆ ಯೋಚಿಸಿದ್ದೇನೆ. ನಮ್ಮೂರಿಗೆ ಬಿಸಿಯ ಕಸುಬು ಹೊಸದಲ್ಲ. ಮಂಡಕ್ಕಿ ಭಟ್ಟಿಗಳಿವೆ, ಬೆಣ್ಣೆ ದೋಸೆ ಹೋಟೆಲಿನ ಸೌದೆ ಒಲೆಗಳಿವೆ. ಅಲ್ಲಿ ಹೊಗೆ ಕಣ್ಣು ಉರಿಸುತ್ತದೆ, ಆದ್ದರಿಂದ ಹೊಗೆ ಹೋಗುವ ದಾರಿ ಮಾಡದೆ ಯಾರೂ ಒಲೆ ಹೂಡುವುದಿಲ್ಲ. ಜೆರಾಕ್ಸ್ ಮಷಿನ್ನಿಗೂ ಒಳಗೊಂದು ಒಲೆ ಇದೆ. ಟೋನರ್ ಎಂಬ ಶಾಯಿ ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಫ್ಯೂಸರ್ ಸುಮಾರು 180ರಿಂದ 200 ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುತ್ತದೆ. ಹೊಗೆ ಕಾಣದ ಕಾರಣ ಅದನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟುಬಿಡುತ್ತೇವೆ.

ಮೀಟರಿನ ಲೆಕ್ಕ

ಎಷ್ಟು ಗಾಳಿ ಬೇಕು? ಇದಕ್ಕೆ ಹೆಚ್ಚಿನ ಉಪಕರಣ ಬೇಕಾಗಲಿಲ್ಲ. ಕೋಣೆಯ ಒಳಗಿನ ಮಷಿನ್ನುಗಳು ಉಣ್ಣುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಅಲ್ಲೇ ಉಳಿಯುತ್ತದೆ. ಕಂಪ್ಯೂಟರೇ ಇರಲಿ, ದೀಪವೇ ಇರಲಿ, ತಲೆಯ ಮೇಲಿನ ಫ್ಯಾನೇ ಇರಲಿ. ಸೀಲಿಂಗ್ ಫ್ಯಾನ್ ಬೆವರು ಆರಿಸುತ್ತದೆ, ಕೋಣೆಗೆ ಮಾತ್ರ ಅದೂ ಒಂದಿಷ್ಟು ಬಿಸಿ ಸೇರಿಸುವ ಮಷಿನ್ನೇ. ಹಾಗಾಗಿ ಎ.ಸಿ. ಆಫ್ ಮಾಡಿಸಿ, ಹನ್ನೊಂದಕ್ಕೆ ಮೀಟರ್ ನೋಡಿದೆವು, ಮೂರಕ್ಕೆ ಮತ್ತೆ ನೋಡಿದೆವು. ನಾಲ್ಕು ತಾಸಿಗೆ 7.2 ಯೂನಿಟ್. ಅಂದರೆ ಸರಾಸರಿ 1,800 ವ್ಯಾಟ್. ನೀರು ಕಾಯಿಸುವ ಒಂದು ದೊಡ್ಡ ಹೀಟರ್ ಇಟ್ಟ ಲೆಕ್ಕ. ಜೊತೆಗೆ ನಾಲ್ಕೈದು ಜನ. ಮೈಯಿಂದ ಹೊರಬೀಳುವ ಬಿಸಿಗೆ 300 ಹಿಡಿದರೆ ಒಟ್ಟು 2,100 ವ್ಯಾಟ್.

ವ್ಯಾಟನ್ನು ಮೂರರಿಂದ ಗುಣಿಸಿ, ಹೊರಗಿಗಿಂತ ಎಷ್ಟು ಡಿಗ್ರಿ ಹೆಚ್ಚಾದರೆ ಪರವಾಗಿಲ್ಲವೋ ಅದರಿಂದ ಭಾಗಿಸಿದರೆ ತಾಸಿಗೆ ಇಷ್ಟು ಘನ ಮೀಟರ್ ಗಾಳಿ ಎಂದು ಬರುತ್ತದೆ. ನಾಲ್ಕು ಡಿಗ್ರಿ ಸಾಕೆಂದುಕೊಂಡೆವು. 2,100 ಗುಣಿಸು 3, ಭಾಗಿಸು 4: ಸುಮಾರು 1,575. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿ ತುಸು ತೆಳು, ಆದ್ದರಿಂದ ನೂರಿನ್ನೂರು ಹೆಚ್ಚೇ ಬೇಕು. ನಾನು ಹಾಕಿದ್ದ ಫ್ಯಾನಿನ ಡಬ್ಬಿಯ ಮೇಲೆ ಇದ್ದದ್ದು 700. ಅದೂ ಮುಂದೆ ಯಾವ ಅಡ್ಡಿಯೂ ಇಲ್ಲದಿದ್ದಾಗಿನ ಮಾತು.

ಎ.ಸಿ. ಯಾಕೆ ಸೋತಿತೆಂಬುದೂ ಇದೇ ಲೆಕ್ಕದಲ್ಲಿ ತಿಳಿಯಿತು. ಒಂದು ಟನ್ ಎಂದರೆ ಸುಮಾರು 3,500 ವ್ಯಾಟ್ ಬಿಸಿ ಹೊತ್ತೊಯ್ಯುವ ಶಕ್ತಿ, ಹೊರಗೆ ಸುಡುಬಿಸಿಲಿದ್ದರೆ ಅದಕ್ಕಿಂತ ಕಡಿಮೆ. ಮಷಿನ್ನು ಮತ್ತು ಜನ ಸೇರಿ 2,100. ಮೇಲೆ ಕಾದ ಮಾಳಿಗೆ, ಗಾಜಿನಿಂದ ನುಗ್ಗುವ ಬಿಸಿಲು, ನಿಮಿಷಕ್ಕೊಮ್ಮೆ ತೆರೆಯುವ ಬಾಗಿಲು. ಎ.ಸಿ. ಕೆಟ್ಟಿರಲಿಲ್ಲ, ಹೊರೆ ಹೆಚ್ಚಾಗಿತ್ತು. ನಾನು ಹಾಕಿದ ಎಕ್ಸಾಸ್ಟು ಅದು ತಂಪು ಮಾಡಿದ್ದರಲ್ಲೂ ಒಂದಿಷ್ಟನ್ನು ಹೊರಗೆ ದಬ್ಬುತ್ತಿತ್ತು.

ಇಲ್ಲಿ ಅಕ್ಕನ ಮುಂದೆ ಎರಡು ದಾರಿ ಇದ್ದವು. ಎರಡು ಟನ್ನಿನ ಎ.ಸಿ. ತರುವುದು, ಇಲ್ಲವೇ ಹಿಂದಿನ ಗೋಡೆಗಾಗಿ ಓನರ್ ಜೊತೆ ಮತ್ತೆ ಮಾತಾಡುವುದು. ಅಂಗಡಿಯವರಲ್ಲಿ ಹೆಚ್ಚಿನವರು ಮೊದಲನೆಯದನ್ನೇ ಹಿಡಿಯುತ್ತಾರೆ, ಯಾರ ಮುಂದೆಯೂ ನಿಲ್ಲಬೇಕಾಗಿಲ್ಲವಲ್ಲ. ಅಕ್ಕ ಹೇಳಿದ್ದು ಹೀಗೆ: "ವರ್ಷದಾಗ ಎರಡು ತಿಂಗಳ ಬಿಸಿಲಿಗೆ ಹನ್ನೆರಡು ತಿಂಗಳು ಕರೆಂಟ್ ಬಿಲ್ ಕಟ್ಟಾಕೆ ಆಗಲ್ಲಣ್ಣ. ಮಾತಾಡಿ ನೋಡೋಣು."

ಹಿಂದಿನ ಗೋಡೆ

ಓನರ್ ಹಿರಿಯರು. ಅವರ ಅಂಜಿಕೆ ಏನೆಂದು ಕೇಳಿದೆವು. ತೊಲೆಗೆ ಪೆಟ್ಟಾಗಬಾರದು, ಬಿಟ್ಟು ಹೋಗುವಾಗ ತೂತು ಹಾಗೇ ಉಳಿಯಬಾರದು. ಎರಡೂ ನ್ಯಾಯವಾದ ಮಾತು. ಬೀಮಿನ ಕೆಳಗೆ ಇಟ್ಟಿಗೆ ಗೋಡೆಯಲ್ಲಿ ಮಾತ್ರ ಒಡೆಯುತ್ತೇವೆ, ಖಾಲಿ ಮಾಡುವಾಗ ಮುಚ್ಚಿಸಿ ಕೊಡುತ್ತೇವೆ ಎಂದು ಕರಾರು ಪತ್ರದಲ್ಲಿ ಬರೆದುಕೊಟ್ಟ ಮೇಲೆ ಒಪ್ಪಿದರು.

ಸಂದಿಯ ಆಚೆ ಮನೆಯ ಅಜ್ಜಿ ಒಪ್ಪಲಿಲ್ಲ. ಅವರ ಅಡಿಗೆಮನೆಯ ಕಿಟಕಿ ಸರಿಯಾಗಿ ಎದುರಿಗೆ. "ನಿಮ್ಮ ಅಂಗಡಿ ಬಿಸಿ ನನ್ನ ಮುಖಕ್ಕೆ ಯಾಕ್ ಊದ್ತೀರಪ್ಪ?" ಎಂದರು. ಬಿಸಿಯಷ್ಟೇ ಅಲ್ಲ, ಟೋನರ್ ಪುಡಿಯ ವಾಸನೆಯೂ ಹೋಗುತ್ತಿತ್ತು. ಅಜ್ಜಿಯ ಮಾತು ಮೀರಿ ತೂತು ಹೊಡೆದಿದ್ದರೆ ಈ ಕೆಲಸ ಬಹಳ ದಿನ ಉಳಿಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ತಗಡಿನ ಕೆಲಸದವರನ್ನು ಕರೆಸಿ, ಫ್ಯಾನಿನಿಂದ ಹೊರಟು ಗೋಡೆಗುಂಟ ಮೇಲೇರಿ ಮಾಳಿಗೆಯ ಕೈಪಿಡಿ ಗೋಡೆಗಿಂತ ಎರಡಡಿ ಎತ್ತರದಲ್ಲಿ ಬಾಯಿ ತೆರೆಯುವ ಕೊಳವೆ ಮಾಡಿಸಿದೆವು. ಹನ್ನೆರಡು ಇಂಚಿನ ಫ್ಯಾನಿಗೆ ಹದಿನಾಲ್ಕು ಇಂಚಿನ ಚೌಕ ಕೊಳವೆ, ತಿರುವು ನಿಧಾನವಾಗಿ ಬಾಗುವಂತೆ. ಕೊಳವೆ ಕಿರಿದಾದರೆ ಅಥವಾ ತಿರುವು ಚೂಪಾದರೆ ಫ್ಯಾನಿನ ಅರ್ಧ ಶಕ್ತಿ ಅಲ್ಲೇ ಸಾಯುತ್ತದೆ. ಬಾಯಿಗೆ ಮಳೆಯ ಟೋಪಿ, ಪಾರಿವಾಳ ಬಾರದಂತೆ ಜಾಲರಿ. ಫ್ಯಾನಿನ ಡಬ್ಬಿಯ ಮೇಲೆ 1,800 ಎಂದಿತ್ತು. ಕೊಳವೆ, ಜಾಲರಿ ಕಳೆದು 1,400ರ ಆಸುಪಾಸು ಸಿಕ್ಕರೆ ಸಾಕೆಂದುಕೊಂಡೆ, ನಾಲ್ಕು ಡಿಗ್ರಿಯ ಬದಲು ಐದು ಹೆಚ್ಚಾದೀತು, ಅಷ್ಟೇ.

ಒಳಗೆ ಬರುವ ದಾರಿ ಇದಕ್ಕಿಂತ ಮುಖ್ಯವಾಗಿತ್ತು. ಗಾಜಿನ ಬಾಗಿಲ ಕೆಳಗಿನ ಒಂದೂವರೆ ಅಡಿ ತೆಗೆಸಿ ಅಲ್ಯುಮಿನಿಯಂ ಪಟ್ಟಿಗಳ ಜಾಲರಿ ಹಾಕಿಸಿದೆವು. ಒಳಗಿನಿಂದ ಮುಚ್ಚುವ ಹಲಗೆ, ಧೂಳಿಗೆ ತೊಳೆದು ಹಾಕಬಹುದಾದ ನೈಲಾನ್ ಬಲೆ. ಗಾಳಿ ಮುಂದೆ ಕೆಳಗಿನಿಂದ ಬಂದು, ಜನರನ್ನೂ ಮಷಿನ್ನುಗಳನ್ನೂ ದಾಟಿ, ಹಿಂದೆ ಮೇಲಿನಿಂದ ಹೋಗಬೇಕು. ಮೊದಲು ನಾನು ಕೂಡಿಸಿದ್ದ ಫ್ಯಾನ್ ತೆಗೆದು ಎರಡೂ ಕಿಂಡಿ ಮುಚ್ಚಿದೆವು.

ಉಳಿದದ್ದು ಅಟ್ಟ. ಫ್ಯಾನಿನ ಮುಂದೆಯೇ ರೀಮುಗಳ ಗೋಡೆ. ನಡುವಿನ ಮೂರಡಿ ಖಾಲಿ ಮಾಡಲು ಅಕ್ಕನಿಗೆ ಮನಸ್ಸಿರಲಿಲ್ಲ, ಜಾಗವೇ ಇಲ್ಲದ ಅಂಗಡಿ. ಆಗ ಒಂದು ರೀಮನ್ನು ಇಳಿಸಿ ಕೈಗೆ ಕೊಟ್ಟೆ. ಕಾದಿತ್ತು. 49 ಡಿಗ್ರಿಯಲ್ಲಿ ವಾರಗಟ್ಟಲೆ ಕೂತ ಹಾಳೆ ತೇವವೆಲ್ಲ ಕಳೆದುಕೊಂಡು, ಒಂದಕ್ಕೊಂದು ಸ್ಥಾಯೀ ವಿದ್ಯುತ್ತಿನಿಂದ ಅಂಟುತ್ತದೆ. ಎರಡೆರಡು ಹಾಳೆ ಎಳೆಯುತ್ತಿದ್ದದ್ದಕ್ಕೆ ರೋಲರ್ ಮಾತ್ರ ಕಾರಣವಾಗಿರಲಿಲ್ಲ. ಅಕ್ಕ ಮರುದಿನವೇ ರೀಮುಗಳನ್ನು ಕೆಳಗಿನ ಕಪಾಟಿಗೆ ಇಳಿಸಿದರು.

ಯುಪಿಎಸ್ಸನ್ನೂ ಬ್ಯಾಟರಿಗಳನ್ನೂ ಹಿಂದಿನ ಮೆಟ್ಟಿಲ ಕೆಳಗೆ ಬೀಗ ಹಾಕುವ ಜಾಲರಿ ಪೆಟ್ಟಿಗೆಗೆ ಸಾಗಿಸಿದೆವು. ಸೀಸದ ಬ್ಯಾಟರಿ 25 ಡಿಗ್ರಿಗಿಂತ ಹತ್ತು ಡಿಗ್ರಿ ಹೆಚ್ಚಿನ ಬಿಸಿಯಲ್ಲೇ ಇದ್ದರೆ ಅದರ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಬೆಂಕಿ ಹತ್ತುವ ಗಾಳಿ. ಮುಚ್ಚಿದ ಅಂಗಡಿಯ ಮೂಲೆ ಅದಕ್ಕೆ ತಕ್ಕ ಜಾಗವಲ್ಲ. ಬ್ಯಾಟರಿಯನ್ನು ಮಾತ್ರ ದೂರ ಇಟ್ಟು ಯುಪಿಎಸ್ ಒಳಗೆ ಬಿಡಬೇಡಿ, ನಡುವಿನ ದಪ್ಪ ಕೇಬಲ್ ಗಿಡ್ಡವಾಗಿರಬೇಕು.

ಗೋಡೆಗೆ ಮೂರಿಂಚಿಗೆ ಒತ್ತಿದ್ದ ಕಾಪಿಯರನ್ನು ಒಂದಡಿ ಈಚೆ ಎಳೆದೆವು. ಮಾಳಿಗೆಗೆ ಸುಣ್ಣ, ಅಂಟಿಗೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೋಟು. ಗಾಜಿನ ಹೊರಗೆ ಹಸಿರು ನೆಟ್ಟು. ಒಳಗೆ ಪರದೆ ಹಾಕಿದರೆ ಬಿಸಿಲು ಅಷ್ಟರಲ್ಲಿ ಗಾಜು ದಾಟಿ ಬಂದಿರುತ್ತದೆ, ಆದ್ದರಿಂದ ಹೊರಗೇ ಬೇಕು. ಎಲ್ಲ ಸೇರಿ ₹14,000ದ ಒಳಗೆ ಮುಗಿಯಿತು.

ಗಾಳಿಯಿಂದ ಆಗದ್ದು

ಮೇ ತಿಂಗಳ ಮೊದಲ ವಾರ ಮತ್ತೆ ಅಳೆದೆ. ಹೊರಗೆ 38. ಕಾಪಿಯರಿನ ಎತ್ತರದಲ್ಲಿ 40, ಫ್ಯಾನಿನ ಬಾಯಲ್ಲಿ 43. ಬಿಸಿ ಮೇಲಿನಿಂದಲೇ ಹೋಗುತ್ತಿದ್ದರಿಂದ ಜನ ನಿಲ್ಲುವ ಮಟ್ಟ ಅದಕ್ಕಿಂತ ತಂಪಾಗಿತ್ತು. ಅಕ್ಕ ನೋಟ್‌ಬುಕ್ಕಿನಲ್ಲಿ ಜಾಮ್ ಬರೆದಿಡುತ್ತಿದ್ದರು. ಮಧ್ಯಾಹ್ನಕ್ಕೆ ಎಂಟು ಹತ್ತು ಇದ್ದದ್ದು ಮೂರಕ್ಕೆ ಇಳಿದಿತ್ತು. ಅವರಿಗೆ ಸಂತೋಷವಾಗಿತ್ತು, ನನಗೆ ಸಮಾಧಾನವಿರಲಿಲ್ಲ.

ಹೊರಗಿನ ಗಾಳಿ ತಂದು ಕೋಣೆಯನ್ನು ಹೊರಗಿಗಿಂತ ತಂಪು ಮಾಡಲಾಗುವುದಿಲ್ಲ. ಆ ಮಷಿನ್ನಿನ ಕೈಪಿಡಿಯಲ್ಲಿ 32 ಡಿಗ್ರಿಯವರೆಗೆ ಎಂದು ಬರೆದಿದೆ. ಹೊರಗೇ 38 ಇರುವಾಗ ಜಗತ್ತಿನ ಯಾವ ಫ್ಯಾನೂ 32 ಕೊಡಲಾರದು. ನಲವತ್ತು ಡಿಗ್ರಿಯಲ್ಲಿ ಆರು ತಾಸು ನಿಲ್ಲುವುದು ಆ ಹುಡುಗನ ಮೈಗೂ ಒಳ್ಳೆಯದಲ್ಲ. ಇದನ್ನು ಅಕ್ಕನಿಗೆ ಬಿಡಿಸಿ ಹೇಳಿದೆ, ಕೆಲಸ ಮುಗಿಯಿತೆಂದು ದುಡ್ಡು ತೆಗೆದುಕೊಂಡು ಬರಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಮುಂದಿನ ಯೋಚನೆ ಅಕ್ಕನದೇ. "ಬೆಳಿಗ್ಗೆ ಏಳಕ್ಕೆ ತಂಪಿರ್ತತಲ್ಲ, ರೆಕಾರ್ಡು ಪ್ರಾಜೆಕ್ಟು ಎಲ್ಲ ಆಗ್ಲೇ ಹೊಡೆದಿಟ್ರೆ?" ಏಪ್ರಿಲ್ ಮೇನಲ್ಲೂ ನಮ್ಮಲ್ಲಿ ಬೆಳಗಿನ ಜಾವ 25ರ ಆಸುಪಾಸು ಇರುತ್ತದೆ. ನೂರು ಪುಟಕ್ಕಿಂತ ಹೆಚ್ಚಿನ ಕೆಲಸ ಹಿಂದಿನ ದಿನವೇ ಕೊಟ್ಟು ಮರುದಿನ ಹತ್ತರ ನಂತರ ಒಯ್ಯಬೇಕು, ಒಂದರಿಂದ ನಾಲ್ಕರವರೆಗೆ ಬಿಡಿ ಕಾಪಿ ಮಾತ್ರ ಎಂದು ಬೋರ್ಡು ಹಾಕಿದರು. ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾರೆಂಬ ಭಯ ಇತ್ತು. ಕೆಲವರು ಹೋದರು. ಹೆಚ್ಚಿನವರು ವಾಟ್ಸಾಪಿನಲ್ಲಿ ರಾತ್ರಿಯೇ ಫೈಲ್ ಕಳಿಸಲು ಶುರುಮಾಡಿದರು.

ಮತ್ತೆ ಮೀಟರ್ ನೋಡಿದಾಗ ಮಧ್ಯಾಹ್ನದ ಸರಾಸರಿ 1,800ರಿಂದ 1,000 ವ್ಯಾಟಿಗೆ ಬಂದಿತ್ತು. ಅದೇ ಒಂದು ಟನ್ನಿನ ಹಳೆಯ ಎ.ಸಿ.ಯನ್ನು ಒಂದರಿಂದ ನಾಲ್ಕರವರೆಗೆ ಓಡಿಸಿದೆವು. ಒಳಗೆ 29, 30. ಹೊಸ ಎ.ಸಿ. ಬೇಕಾಗಲಿಲ್ಲ.

ಎ.ಸಿ. ಮತ್ತು ಎಕ್ಸಾಸ್ಟ್ ಒಟ್ಟಿಗೆ ಓಡಬಾರದು. ಗೋಡೆಯ ಮೇಲೆ ಬರೆದಿಟ್ಟರೆ ಗದ್ದಲದಲ್ಲಿ ಯಾರು ಓದುತ್ತಾರೆ? ಒಂದೇ ಚೇಂಜ್‌ಓವರ್ ಸ್ವಿಚ್ಚಿಗೆ ಎರಡನ್ನೂ ಕೊಟ್ಟೆ. ಒಂದು ಕಡೆ ತಿರುಗಿಸಿದರೆ ಫ್ಯಾನ್, ಇನ್ನೊಂದು ಕಡೆಗೆ ಎ.ಸಿ., ಎರಡೂ ಒಟ್ಟಿಗೆ ಆಗುವುದೇ ಇಲ್ಲ. ಈ ಬಗೆಯ ಎ.ಸಿ. ಹೊಸ ಗಾಳಿ ತರುವುದಿಲ್ಲ, ಒಳಗಿನದನ್ನೇ ಸುತ್ತಿಸುತ್ತದೆ. ಆದ್ದರಿಂದ ತಾಸಿಗೊಮ್ಮೆ ಐದು ನಿಮಿಷ ಫ್ಯಾನಿನ ಕಡೆ ತಿರುಗಿಸಿ ಬಾಗಿಲ ಹಲಗೆ ತೆಗೆಯುವುದು ಹುಡುಗನ ಜವಾಬ್ದಾರಿ. ಅವನು ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದಾನೆ. ಸಂಜೆ ಮುಂದೆ ಬರುತ್ತಿದ್ದ ತಲೆನೋವು ಈಗ ಇಲ್ಲ ಎನ್ನುತ್ತಾನೆ.

ಮಳೆ ಬಂದ ಮೇಲೆ

ಮೇ ಕೊನೆಯ ಒಂದು ಗಾಳಿಮಳೆಗೆ ಕೊಳವೆಯ ಟೋಪಿಯ ಕೆಳಗಿನಿಂದ ನೀರು ಹೊಕ್ಕು ಫ್ಯಾನಿನ ಮೇಲೆ ಇಳಿಯಿತು. ಟೋಪಿಯ ಅಂಚನ್ನು ನಾಲ್ಕಿಂಚು ಉದ್ದ ಮಾಡಿಸಿ, ಕೊಳವೆಯ ತಳದಲ್ಲಿ ನೀರು ಹೊರಗೆ ಬೀಳಲು ಸಣ್ಣ ತೂತು ಬಿಟ್ಟೆವು. ಇದನ್ನು ಮೊದಲೇ ಮಾಡಬೇಕಿತ್ತು.

ಜುಲೈನಲ್ಲಿ ಜಾಮ್ ಮತ್ತೆ ಶುರುವಾಯಿತು, ಈ ಸಲ ಹಾಳೆ ತೇವ ಹೀರಿ ಸುರುಳಿಯಾಗಿ. ಬೇಸಿಗೆಯಲ್ಲಿ ಪೇಪರ್ ಉಳಿಸಿದ ಗಾಳಿಯೇ ಜಡಿಮಳೆಯಲ್ಲಿ ಅದನ್ನು ಕೆಡಿಸುತ್ತಿತ್ತು. ಮಳೆಗಾಲದಲ್ಲಿ ಫ್ಯಾನನ್ನು ದೊಡ್ಡ ಕೆಲಸ ಓಡುವಾಗ ಮತ್ತು ಮುಗಿದ ಮೇಲೆ ಕಾಲು ತಾಸು ಮಾತ್ರ ಹಾಕುತ್ತಾರೆ. ರೀಮನ್ನು ಬೇಕಾದಾಗಲೇ ಬಿಚ್ಚಿ, ರಾತ್ರಿ ಟ್ರೇಯಲ್ಲಿ ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುತ್ತಾರೆ.

ಎರಡನೆಯ ಬೇಸಿಗೆ ಕಳೆದಿದೆ. ಆ ಹುಡುಗ ಇನ್ನೂ ಅಲ್ಲೇ ಇದ್ದಾನೆ, ಈಗ ಡಿಗ್ರಿ ಕೊನೆಯ ವರ್ಷ. ಬಾಗಿಲ ಬಲೆಯನ್ನು ಭಾನುವಾರಕ್ಕೊಮ್ಮೆ ತೊಳೆಯುವವನೂ ಅವನೇ. ಮಳೆಗೆ ಮಾಳಿಗೆಯ ಸುಣ್ಣ ಅರ್ಧಕ್ಕರ್ಧ ಹೋಗಿದೆ, ಯುಗಾದಿಗೆ ಮೊದಲು ಮತ್ತೆ ಹೊಡೆಸಬೇಕು. ಈ ಸಲ ಐದೂ ಮಳಿಗೆಗೆ ಒಟ್ಟಿಗೆ ಹೊಡೆಸೋಣ ಎಂದು ಓನರೇ ಹೇಳಿದ್ದಾರೆ.